ಚಿಕ್ಕಬಳ್ಳಾಪುರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಹೃದಯ–ರಕ್ತನಾಳ ಕಾಯಿಲೆಗಳು: ಇತಿಹಾಸ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಆಸ್ಪತ್ರೆಗಳಿಗೆ ಬರುವವರಲ್ಲಿ ಕಾಣುವ ರಕ್ತದೊತ್ತಡ, ಹೃದಯಾಘಾತ, ಕವಾಟದ ಕಾಯಿಲೆ, ಹೃದಯ ವೈಫಲ್ಯ ಮತ್ತು ಲಕ್ವ ಈ ಲೇಖನದ ವಸ್ತು. ಇವುಗಳ ಇತಿಹಾಸಕ್ಕೆ ಮೊದಲ ತೊಡಕು ಜಿಲ್ಲೆಯ ಗಡಿ. 2007ರ ಆಗಸ್ಟ್‌ವರೆಗೆ ಈ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. ಹಳೆಯ ಜಿಲ್ಲಾ ಅಂಕಿಅಂಶಗಳಲ್ಲಿ ಚಿನ್ನದ ಗಣಿಯ ಕಾರ್ಮಿಕರೂ ಶಿಡ್ಲಘಟ್ಟದ ರೇಷ್ಮೆ ಕೆಲಸಗಾರರೂ ಒಂದೇ ಮೊತ್ತದೊಳಗೆ ಬೆರೆತಿದ್ದಾರೆ. ಎರಡನೆಯ ತೊಡಕು ರೋಗಿಗಳ ಸಾಗಾಟ. ಎದೆನೋವು ಜೋರಾದರೆ ‘ಬೆಂಗಳೂರಿಗೆ ಬರೆದುಕೊಟ್ಟರು’ ಎನ್ನುವುದು ಈ ಕಡೆಯ ವಾಡಿಕೆಯ ಮಾತು. ಹಾಗೆ ಹೋದವರ ಚಿಕಿತ್ಸೆಯೂ ಸಾವೂ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತವೆ. ತಾಲ್ಲೂಕು ಆಸ್ಪತ್ರೆಯ ಪುಸ್ತಕ ನೋಡಿ ಇಲ್ಲಿ ಹೃದಯಾಘಾತ ಕಡಿಮೆ ಎಂದು ತೀರ್ಮಾನಿಸುವಂತಿಲ್ಲ.

20ನೇ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ತೆರೆಯಿತು. ಅದೇ ಮುಂದೆ ಸಿ.ಎಸ್.ಐ. ಆಸ್ಪತ್ರೆಯಾಯಿತು. ಹೃದ್ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸೆ ಸಿಗುವ ಕಾಲ ಇನ್ನೂ ದೂರವಿತ್ತು.

ಬಡ ಮನೆಗಳ ಮಕ್ಕಳನ್ನೂ ಯುವತಿಯರನ್ನೂ ಹೆಚ್ಚಾಗಿ ಕಾಡಿದ್ದು ರುಮ್ಯಾಟಿಕ್ ಹೃದ್ರೋಗ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕು ಕೀಲುನೋವಿನ ಜ್ವರವಾಗಿ, ವರ್ಷಗಳ ನಂತರ ಮೈಟ್ರಲ್ ಕವಾಟವನ್ನು ಕಿರಿದುಗೊಳಿಸುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಪತ್ತೆಯಾಗುವುದು ಬಸಿರಿನಲ್ಲಿ ಉಸಿರುಕಟ್ಟಿದಾಗ. ಇದರ ಚಿಕಿತ್ಸೆಯಲ್ಲಿ ತಿರುವು ಬಂದದ್ದು ಜಿಲ್ಲೆಯ ಹೊರಗೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಲೂನಿನಿಂದ ಕವಾಟ ಅಗಲಿಸುವ ವಿಧಾನ ಬಳಕೆಗೆ ಬಂತು. 1991ರ ನವೆಂಬರ್‌ನಲ್ಲಿ ಆಂಧ್ರದ ಪುಟ್ಟಪರ್ತಿಯಲ್ಲಿ ಉಚಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಆರಂಭವಾಯಿತು. 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಅಂಥದೇ ಇನ್ನೊಂದು ತೆರೆಯಿತು. ಹಿಂದೂಪುರದ ಕಡೆಗೆ ಓಡಾಟವಿದ್ದ ಗೌರಿಬಿದನೂರಿನವರಿಗೆ ಪುಟ್ಟಪರ್ತಿ ಪರಸ್ಥಳವೇನಲ್ಲ. ರಾಜ್ಯವಾರು ವರದಿಗಳನ್ನಷ್ಟೇ ಓದುವವರ ಕಣ್ಣಿಗೆ ಈ ದಾರಿ ಬೀಳುವುದಿಲ್ಲ. ಚಿಂತಾಮಣಿಯವರಿಗೆ ಹತ್ತಿರವಾದದ್ದು ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜು.

2010ರಲ್ಲಿ ಕೇಂದ್ರ ಸರ್ಕಾರ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ಅಷ್ಟರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗಿ ಮೂರು ವರ್ಷವಾಗಿತ್ತು. ಹಳೆಯ ಕೋಲಾರದ ಉತ್ತರದ ತಾಲ್ಲೂಕುಗಳು ಆ ಮೊದಲ ಸುತ್ತಿನಿಂದ ಹೊರಗುಳಿದದ್ದು ಕಾಗದದ ಮೇಲಿನ ಗೆರೆಯೊಂದರಿಂದ.

ಸಾವಿನ ಕಾರಣದ ದಾಖಲೆ ಇನ್ನೂ ಗೋಜಲಿನದು. ವೈದ್ಯರು ದೃಢೀಕರಿಸಿದ ಸಾವುಗಳಲ್ಲಿ ರಕ್ತಪರಿಚಲನೆಯ ಕಾಯಿಲೆಗಳ ಪಾಲು 2020ರಲ್ಲಿ ದೇಶದಲ್ಲಿ ಶೇ. 32.1. ಹಳ್ಳಿಯ ಮನೆಯಲ್ಲಿ ತೀರಿಹೋದವರ ಸಾವಿಗೆ ಸಾಮಾನ್ಯವಾಗಿ ಇಂಥ ವೈದ್ಯರ ಪ್ರಮಾಣಪತ್ರ ಇರುವುದಿಲ್ಲ. ಪ್ರಮಾಣಪತ್ರ ಇದ್ದರೂ ‘ಹೃದಯಸ್ತಂಭನ’ ಎಂದಷ್ಟೇ ಬರೆಯುವ ಅಭ್ಯಾಸವುಂಟು. ಯಾವ ಸಾವಿನಲ್ಲೂ ಹೃದಯ ನಿಂತೇ ನಿಲ್ಲುವುದರಿಂದ ಅದು ಕಾರಣವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೇ ಪರಿಷ್ಕರಣೆಯಲ್ಲಿ ರಕ್ತಪರಿಚಲನೆಯ ಅಧ್ಯಾಯದಲ್ಲಿದ್ದ ಲಕ್ವ, 2022ರಲ್ಲಿ ಜಾರಿಗೆ ಬಂದ 11ನೆಯದರಲ್ಲಿ ನರಮಂಡಲಕ್ಕೆ ಹೋಯಿತು. ಎರಡು ಕಾಲದ ಮೊತ್ತಗಳನ್ನು ಅಕ್ಕಪಕ್ಕ ಇಡುವಾಗ ಇದನ್ನು ಗಮನಿಸಬೇಕು.

ಶಿಡ್ಲಘಟ್ಟಕ್ಕೆ ಪ್ರತ್ಯೇಕ ಟಿಪ್ಪಣಿ ಬೇಕು. ಅಲ್ಲಿನ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಸೌದೆ ಹೊಗೆ, ಗೂಡು ಬೇಯುವ ಹಬೆ, ದಿನವಿಡೀ ನಿಂತು ಮಾಡುವ ಕೆಲಸ ಎಲ್ಲ ಒಟ್ಟಿಗೆ ಇವೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶ ಹೃದಯದ ಬಲಭಾಗವನ್ನು ದಣಿಸಿ ಕಾಲು ಊದಿಸಬಲ್ಲದು. ನಿಂತೇ ಇರುವುದರಿಂದ ಕಾಲಿನ ರಕ್ತನಾಳ ಉಬ್ಬಬಹುದು. ಇಂಥ ರೋಗಿಗಳು ದಮ್ಮಿನವರೆಂದು ದಾಖಲಾದರೆ ಹೃದ್ರೋಗದ ಎಣಿಕೆಯಿಂದ ತಪ್ಪಿಹೋಗುತ್ತಾರೆ. ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡನ್ನೂ ಹೃದ್ರೋಗಕ್ಕೆ ಗಂಟುಹಾಕುವವರಿದ್ದಾರೆ. ಹಲ್ಲು ಮತ್ತು ಮೂಳೆಗೆ ಅದು ಮಾಡುವ ಹಾನಿ ಖಚಿತ, ಹೃದಯದ ವಿಚಾರದಲ್ಲಿ ಅಷ್ಟೇ ಖಚಿತವಾಗಿ ಹೇಳುವಂತಿಲ್ಲ.

ಈಚಿನ ವರ್ಷಗಳ ಚರ್ಚೆ ಕಿರಿಯರ ಹೃದಯಾಘಾತದ್ದು. ಜಯದೇವ ಸಂಸ್ಥೆ 2017ರಲ್ಲಿ ಇಂಥವರ ನೋಂದಣಿಯನ್ನೇ ಆರಂಭಿಸಿತು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ವಿಷಯ ಮನೆಮಾತಾಯಿತು. ಅವರ ಹೆಸರಿನಲ್ಲಿ 2023ರ ನವೆಂಬರ್‌ನಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ತಜ್ಞರ ಕೇಂದ್ರದೊಂದಿಗೆ ಸಮಾಲೋಚಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಈ ಲೇಖನದ ದೃಷ್ಟಿಯಲ್ಲಿ ಹೊಸ ಆಸ್ಪತ್ರೆ ಕಟ್ಟಡಗಳಿಗಿಂತ ದೊಡ್ಡ ತಿರುವು ಇದೇ: ರೋಗಿಯನ್ನು ಬೆಂಗಳೂರಿಗೆ ಕಳಿಸುವ ಮೊದಲೇ ಕಾಯಿಲೆಯ ಹೆಸರು ಇಲ್ಲಿಯ ಪುಸ್ತಕಕ್ಕೆ ಏರುತ್ತದೆ. ಅಂಥ ಹೊಸ ಕಟ್ಟಡಗಳಲ್ಲೊಂದಾಗಿ, ಅದೇ 2023ರ ಮಾರ್ಚ್‌ನಲ್ಲಿ ಜಿಲ್ಲೆಯ ಮುದ್ದೇನಹಳ್ಳಿಯ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆ ಉದ್ಘಾಟನೆಯಾಗಿತ್ತು.

2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯ ಸಮಿತಿ 24 ಪ್ರಕರಣಗಳನ್ನು ಪರಿಶೀಲಿಸಿತು. ಅದರ ವರದಿಯ ಬೆನ್ನಿಗೇ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡುವುದು ಕಡ್ಡಾಯವೆಂದೂ ಹೃದಯಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿಯೂ ರಾಜ್ಯ ಸರ್ಕಾರ ಪ್ರಕಟಿಸಿತು.