ಗಾಳಕ್ಕೊಂದು ಗೊಂಬೆ

ಮಗಳ ಎರಡನೆಯ ಬಾಣಂತನಕ್ಕೆಂದು ಅಮೆರಿಕದ ಮೆಸಾಚುಸೆಟ್ಸ್‌ಗೆ ಹೋದಾಗ ಪಕ್ಕದ ಮನೆಯ ಅಜ್ಜನ ಕಿಟಕಿಯಲ್ಲಿ ಸಾಲಾಗಿ ತೂಗುಹಾಕಿದ್ದ ಮರದ ಮೀನುಗಳನ್ನು ನೋಡಿದೆ. ಒಂದೊಂದೂ ಗೇಣಿಗಿಂತ ತುಸು ಕಡಿಮೆ ಉದ್ದ. ಹೊಟ್ಟೆ ಬೆಳ್ಳಿಯಂತೆ ಬಿಳಿ, ಬೆನ್ನು ಕಪ್ಪು ಇಲ್ಲವೇ ನೀಲಿ, ಗುಂಡನೆಯ ಗಾಜಿನ ಕಣ್ಣು. ನಮ್ಮ ಚನ್ನಪಟ್ಟಣದ ಗೊಂಬೆಯಂತೆ ಕಂಡು, "ಮೊಮ್ಮಗನಿಗೆ ಒಂದು ಕೇಳೋಣವೇ?" ಎಂದೆ. ಮಗಳು ನಕ್ಕುಬಿಟ್ಟಳು. "ಅಮ್ಮಾ, ಹೊಟ್ಟೆಯ ಕೆಳಗೆ ನೋಡು." ಮೂರು ಮುಳ್ಳಿನ ಕೊಕ್ಕೆಗಳು ಎರಡು ಕಡೆ ನೇತಾಡುತ್ತಿದ್ದವು. ಅದು ಗಾಳದ ಗೊಂಬೆ. ಅಲ್ಲಿಯವರು ಅದಕ್ಕೆ ಪ್ಲಗ್ ಎನ್ನುತ್ತಾರೆ. ಪ್ಲಗ್ ಎಂದರೆ ಕರೆಂಟಿನದು ಮಾತ್ರ ಎಂದುಕೊಂಡಿದ್ದ ನನಗೆ ಅದೊಂದು ಹೊಸ ಪಾಠ.

ನಾನು ಕುಂದಾಪುರದ ಕಡೆಯವಳು. ಗಾಳ ನನಗೆ ಹೊಸದಲ್ಲ. ಹೊಳೆಯ ದಂಡೆಯಲ್ಲಿ ಸಿಗಡಿಯನ್ನೋ ಎರೆಹುಳುವನ್ನೋ ಸಿಕ್ಕಿಸಿ ಕಾದು ಕುಳಿತವರನ್ನು ನೋಡುತ್ತಲೇ ಬೆಳೆದವಳು. ಆದರೆ ನಮ್ಮಲ್ಲಿ ಮೀನು ಸಿಕ್ಕಿದರೆ ಅದು ಸಾರಿಗೆ. ಇಲ್ಲಿ ಆಟಕ್ಕೆ ಮೀನು ಹಿಡಿಯುತ್ತಾರೆ, ಎಷ್ಟೋ ಸಲ ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುತ್ತಾರೆ ಎಂದು ಕೇಳಿ ವಿಚಿತ್ರವೆನಿಸಿತು. ಬಿಡುವುದಾದರೆ ಹಿಡಿಯುವುದೇಕೆ? ಈ ಪ್ರಶ್ನೆಯೇ ನನ್ನನ್ನು ಈ ಗೊಂಬೆಯ ಚರಿತ್ರೆಯ ಹಿಂದೆ ಓಡಿಸಿತು.

ಮೊದಲು ಅದು ಈಜುವ ಬಗೆಯನ್ನು ಹೇಳಬೇಕು. ಅಜ್ಜ ಒಂದು ದಿನ ಕೊಕ್ಕೆ ಬಿಚ್ಚಿದ ಪ್ಲಗ್ಗನ್ನು ಮಗುವಿನ ಸ್ನಾನದ ತೊಟ್ಟಿಯಲ್ಲಿ ಬಿಟ್ಟರು. ಅದು ಸುಮ್ಮನೆ ತೇಲಿತು. ದಾರ ಹಿಡಿದು ಮೆಲ್ಲನೆ ಎಳೆದದ್ದೇ ತಡ, ಜೀವ ಬಂದಂತೆ ಮೈ ಬಳುಕಿಸುತ್ತ ಹೊರಟಿತು. ಗುಟ್ಟೆಲ್ಲ ಅದರ ತುಟಿಯಲ್ಲಿದೆ. ಬಾಯಿಯ ಕೆಳಗೆ ಚಮಚದ ತುದಿಯಂಥ ಒಂದು ತಗಡು. ಎಳೆದಾಗ ನೀರು ಆ ತಗಡನ್ನು ಒತ್ತುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರುತ್ತದೆ. ಮೈ ಓಲಾಡುವುದು ಹಾಗೆ. ತುಟಿ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಗೊಂಬೆ ಆಳಕ್ಕೆ ಧುಮುಕುತ್ತದೆ. ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಮೇಲುನೀರಿನಲ್ಲೇ, ಒಂದೆರಡು ಅಡಿಯೊಳಗೇ ಈಜುತ್ತದೆ. ದಡದ ಮೀನಿಗೆ ಬೇಕಾದದ್ದು ಈ ಎರಡನೆಯದು. ಏಕೆಂದರೆ ನಮ್ಮ ಬೈಗೆಯ ದೂರದ ನೆಂಟನಾದ ಮೆನ್‌ಹೇಡನ್ ಮುಂತಾದ ಸಣ್ಣ ಮೀನುಗಳು ದಡಕ್ಕೆ ಒತ್ತಿಕೊಂಡು ಬರುತ್ತವೆ. ಅವುಗಳ ಬೆನ್ನಟ್ಟಿ ದೊಡ್ಡವು ರಾತ್ರಿಯ ಹೊತ್ತು ಮೊಣಕಾಲುದ್ದದ ನೀರಿಗೂ ನುಗ್ಗುತ್ತವೆ. ಅಲ್ಲಿ ಆಳಕ್ಕೆ ಹೋಗುವ ಗೊಂಬೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ ಅಷ್ಟೆ.

ಆ ದೊಡ್ಡ ಮೀನಿನ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿಬಣ್ಣದ ಮೈಯುದ್ದಕ್ಕೂ ಏಳೆಂಟು ಕಪ್ಪು ಗೆರೆ. ನಾನು ಗೆರೆಮೀನು ಎಂದೇ ಕರೆಯುತ್ತೇನೆ. ಆ ದಂಡೆಯ ಚರಿತ್ರೆಯಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ. ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಅದನ್ನು ರಾಶಿರಾಶಿಯಾಗಿ ಹಿಡಿದು ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. 1639ರಲ್ಲೇ ಮೆಸಾಚುಸೆಟ್ಸ್ ಬೇ ವಸಾಹತು ಅದನ್ನು ಗೊಬ್ಬರಕ್ಕೆ ಬಳಸಬಾರದೆಂದು ಕಾನೂನು ಮಾಡಿತು. 1670ರಲ್ಲಿ ನೆರೆಯ ಪ್ಲಿಮತ್ ವಸಾಹತು ಈ ಮೀನೂ ಸೇರಿದಂತೆ ಕೆಲವು ಮೀನುಗಾರಿಕೆಯ ಆದಾಯವನ್ನು ಶಾಲೆ ನಡೆಸಲು ಮೀಸಲಿಟ್ಟಿತು. ಮೀನಿನ ದುಡ್ಡಿನಲ್ಲಿ ಮಕ್ಕಳು ಅಕ್ಷರ ಕಲಿತರು!

ಗೊಂಬೆಯ ಕತೆಗೆ ನಾವು ಫಿನ್ಲೆಂಡಿಗೆ ಹೋಗಬೇಕು. ಅಲ್ಲಿ ಪೈಯನ್ನೆ ಎಂಬ ಸರೋವರದಲ್ಲಿ ಲೌರಿ ರಪಾಲ ಎಂಬ ಬಡ ಮೀನುಗಾರ. ದೊಡ್ಡ ಮೀನುಗಳು ಸಣ್ಣ ಮೀನಿನ ಹಿಂಡಿನಲ್ಲಿ ಯಾವುದು ಓರೆಯಾಗಿ, ಗಾಯಗೊಂಡಂತೆ ಈಜುತ್ತದೋ ಅದನ್ನೇ ಆರಿಸಿ ಹಿಡಿಯುತ್ತವೆ ಎಂದು ಅವನು ನೋಡಿ ನೋಡಿ ತಿಳಿದುಕೊಂಡ. 1936ರಲ್ಲಿ ಚಮ್ಮಾರರ ಚೂರಿಯಿಂದ ಬೆಂಡು ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಮೆರುಗು ಹಚ್ಚಿ ಮೊದಲ ಗೊಂಬೆ ಮಾಡಿದನೆಂದು ಅವನ ಕಂಪೆನಿಯ ಇತಿಹಾಸ ಹೇಳುತ್ತದೆ. ಮನೆಯಲ್ಲಿ ಬಿಸಾಡುವ ವಸ್ತುಗಳಿಂದಲೇ ಹುಟ್ಟಿದ ಕಸುಬು! 1962ರ ಆಗಸ್ಟಿನಲ್ಲಿ ಅಮೆರಿಕದ 'ಲೈಫ್' ಪತ್ರಿಕೆ ಅದರ ಬಗ್ಗೆ ಲೇಖನ ಹಾಕಿತು. ಮರ್ಲಿನ್ ಮನ್ರೋ ತೀರಿಕೊಂಡ ಸಮಯ, ಮುಖಪುಟದಲ್ಲಿ ಅವಳ ಚಿತ್ರ. ಅವಳಿಗಾಗಿ ಪತ್ರಿಕೆ ಕೊಂಡವರೆಲ್ಲ ಒಳಗೆ ಈ ಗೊಂಬೆಯನ್ನೂ ನೋಡಿದರು. ಬೇಡಿಕೆ ಪೂರೈಸಲಾಗದಷ್ಟು ಬಂತು. ಸಿಹಿನೀರಿನ ಗೊಂಬೆ ಕಡಲಿಗೂ ಇಳಿಯಿತು. ಅದೇ ಆಕಾರವನ್ನು ರೆಬೆಲ್ ಎಂಬ ಅಮೆರಿಕದ ಕಂಪೆನಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿತು.

ಅಷ್ಟರಲ್ಲಿ ಮೆಸಾಚುಸೆಟ್ಸ್‌ನಲ್ಲೇ ಇನ್ನೊಬ್ಬ ಗೊಂಬೆಗಾರ ಹೆಸರಾಗಿದ್ದ. ಅವನು ಬಾಬ್ ಪಾಂಡ್. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವನು ಮಾಡಿದ 'ಆಟಮ್' ಎಂಬ ಪ್ಲಗ್ ಗೆರೆಮೀನು ಹಿಡಿಯುವವರ ಕೈಯಲ್ಲೆಲ್ಲ ಓಡಾಡಿತು. ಇವನ ಕತೆ ನನಗೆ ಹೆಚ್ಚು ಹಿಡಿಸಿತು. ಏಕೆಂದರೆ ಮೀನು ಕಡಿಮೆಯಾಗುತ್ತಿದೆ ಎಂದು ಮೊದಮೊದಲು ಕೂಗಿ ಹೇಳಿದವರಲ್ಲಿ ಅವನೂ ಒಬ್ಬ. 1965ರಲ್ಲಿ ಮೀನಿನ ಉಳಿವಿಗಾಗಿಯೇ 'ಸ್ಟ್ರೈಪರ್ಸ್ ಅನ್‌ಲಿಮಿಟೆಡ್' ಎಂಬ ಸಂಸ್ಥೆ ಕಟ್ಟಿದ. ತತ್ತಿಗಳು ಮರಿಯಾಗುತ್ತಿಲ್ಲ, ನೀರಿನ ಮಾಲಿನ್ಯವನ್ನು ನೋಡಿ ಎಂದು ಹೇಳುತ್ತಲೇ ಹೋದ. ಗೊಂಬೆ ಮಾರುವವನು ಮೀನಿನ ಪರವಾಗಿ ಮಾತಾಡಿದರೆ ನಂಬುವುದು ಕಷ್ಟ, ಅಲ್ಲವೇ? ಆದರೆ ಮೀನಿಲ್ಲದ ಕಡಲಿನಲ್ಲಿ ಗೊಂಬೆಗೇನು ಕೆಲಸ?

ಈಗ 1982ಕ್ಕೆ ಬರೋಣ. ಸೆಪ್ಟೆಂಬರ್ 21ರ ಬಿರುಗಾಳಿಯ ರಾತ್ರಿ, ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ. ಆಲ್ ಮೆಕ್‌ರೆನಾಲ್ಡ್ಸ್ ಎಂಬಾತ ಕಲ್ಲಿನ ಕಟ್ಟೆಯ ಮೇಲೆ ನಿಂತು ಐದೂವರೆ ಇಂಚಿನ ರೆಬೆಲ್ ಪ್ಲಗ್ ಎಸೆದ. ಒಂದೂವರೆ ಗಂಟೆಗೂ ಮೀರಿ ಸೆಣಸಿ ಮೇಲೆತ್ತಿದ ಗೆರೆಮೀನು 78 ಪೌಂಡ್ 8 ಔನ್ಸ್ ತೂಗಿತು. ನಮ್ಮ ಲೆಕ್ಕದಲ್ಲಿ ಮೂವತ್ತೈದೂವರೆ ಕಿಲೋ! ಅದು ವಿಶ್ವದಾಖಲೆಯಾಯಿತು, 2011ರವರೆಗೂ ಉಳಿಯಿತು. ಒಂದು ಸ್ಪರ್ಧೆಯಲ್ಲಿ ಅವನಿಗೆ ಎರಡೂವರೆ ಲಕ್ಷ ಡಾಲರ್ ಬಹುಮಾನವೂ ಬಂತು. ಜೊತೆಗೆ ಜನರ ಅನುಮಾನ, ಹೊಟ್ಟೆಕಿಚ್ಚಿನ ಮಾತು ವರ್ಷಗಟ್ಟಲೆ ಬೆನ್ನು ಹತ್ತಿದವು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಈ ಗಾತ್ರದ ಗೆರೆಮೀನೆಂದರೆ ಬಹುತೇಕ ಹೆಣ್ಣೇ. ಗಂಡು ಅಷ್ಟು ಬೆಳೆಯುವುದಿಲ್ಲ. ಆರು ವರ್ಷದ ಹೆಣ್ಣು ಸುಮಾರು 5 ಲಕ್ಷ ತತ್ತಿ ಇಟ್ಟರೆ, ಹದಿನೈದರದ್ದು ಸುಮಾರು 30 ಲಕ್ಷ ಇಡುತ್ತದೆ. ದೊಡ್ಡ ಮೀನು ಬೇಕು, ದಾಖಲೆ ಬೇಕು ಎಂದು ಗೊಂಬೆ ಎಸೆದವರೆಲ್ಲ ತಿಳಿಯದೆಯೇ ತಾಯಂದಿರನ್ನು ಹುಡುಕುತ್ತಿದ್ದರು. ಇನ್ನೂ ದೊಡ್ಡ ವಿಪರ್ಯಾಸವೆಂದರೆ, ದಾಖಲೆಯ ದೊಡ್ಡ ಮೀನು ಸಿಕ್ಕಿದ ಆ ಕಾಲದಲ್ಲಿ ಮರಿಗಳು ತೀರಾ ಕಡಿಮೆಯಾಗಿದ್ದವು. ಚೆಸಪೀಕ್ ಕೊಲ್ಲಿಯ ನದಿಗಳಲ್ಲಿ ಮೇರಿಲೆಂಡಿನವರು 1954ರಿಂದ ಪ್ರತಿ ಬೇಸಿಗೆ ಬಲೆ ಎಳೆದು ಮರಿಗಳನ್ನು ಎಣಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಆ ಎಣಿಕೆ ಕುಸಿಯುತ್ತ ಹೋಗಿತ್ತು. ಮಿತಿಮೀರಿ ಹಿಡಿದದ್ದು ಒಂದು ಕಾರಣ, ತತ್ತಿ ಒಡೆಯುವ ಹೊಳೆಗಳು ಕೆಟ್ಟದ್ದು ಇನ್ನೊಂದು. ಮನೆಯ ಹಿರಿಯಳು ಗಟ್ಟಿಯಾಗಿದ್ದಾಳೆಂದು ಸಂಭ್ರಮಿಸುತ್ತಿರುವಾಗ ತೊಟ್ಟಿಲು ಖಾಲಿಯಾಗಿರುವುದನ್ನು ಯಾರೂ ಗಮನಿಸದಿದ್ದ ಹಾಗೆ.

1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾಯ್ದೆ ಮಾಡಿತು. 1985ರಲ್ಲಿ ಮೇರಿಲೆಂಡ್ ಅದನ್ನು ಹಿಡಿಯುವುದನ್ನೇ ನಿಲ್ಲಿಸಿ, 1990ರವರೆಗೆ ನಿಷೇಧವನ್ನು ಉಳಿಸಿಕೊಂಡಿತು. ಬೇರೆ ರಾಜ್ಯಗಳು 1982ರಲ್ಲಿ ಹುಟ್ಟಿದ ಮರಿಗಳು ದೊಡ್ಡವಾಗಿ ತತ್ತಿ ಇಡುವವರೆಗೆ ಅವುಗಳನ್ನು ಕಾಪಾಡಲು, ಹಿಡಿಯಬಹುದಾದ ಮೀನಿನ ಅಳತೆಯನ್ನು ಏರಿಸುತ್ತ ಹೋದವು. ದಾಖಲೆಯ ಮೀನು ಸತ್ತ ವರ್ಷವೇ ಹುಟ್ಟಿದ ಮರಿಗಳು ವಂಶವನ್ನು ಉಳಿಸಿದವು. 1995ರಲ್ಲಿ ಗೆರೆಮೀನು ಚೇತರಿಸಿಕೊಂಡಿದೆ ಎಂದು ಸಾರಿದರು.

ಕತೆ ಅಲ್ಲಿಗೆ ಸುಖಾಂತವಾಗಲಿಲ್ಲ. 2019ರ ಹೊತ್ತಿಗೆ ಮೀನು ಮತ್ತೆ ಕಡಿಮೆಯಾಗಿತ್ತು. ಆ ವರ್ಷದಿಂದ ಮರಿಗಳ ಎಣಿಕೆಯೂ ವರ್ಷ ವರ್ಷ ಸೊರಗಿತು. 2023ರಲ್ಲಿ ಕಡಲ ದಂಡೆಯಲ್ಲಿ ಆಟಕ್ಕೆ ಹಿಡಿಯುವವರು 28ರಿಂದ 31 ಇಂಚಿನ ಒಳಗಿನ ಮೀನನ್ನು ಮಾತ್ರ ಮನೆಗೆ ಒಯ್ಯಬಹುದೆಂದು ನಿಯಮ ಬಂತು. ಚಿಕ್ಕದನ್ನು ಬಿಡಬೇಕು, ದೊಡ್ಡದನ್ನೂ ಬಿಡಬೇಕು. ಮರಿಯೂ ಉಳಿಯಲಿ, ತಾಯಿಯೂ ಉಳಿಯಲಿ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ನೂರರಲ್ಲಿ ಒಂಬತ್ತು ಸಾಯುತ್ತವೆಂದು ಅಲ್ಲಿನ ಅಧಿಕಾರಿಗಳು ಲೆಕ್ಕ ಹಿಡಿಯುತ್ತಾರೆ. ಕೋಟಿಗಟ್ಟಲೆ ಸಲ ಹಿಡಿದು ಬಿಟ್ಟರೆ ಆ ಒಂಬತ್ತೂ ಸಣ್ಣದಲ್ಲ. ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು, ಉಳಿದರ್ಧ ಮುಳ್ಳಾಗಿಯೇ ಉಳಿಯಿತು.

ಒಂದು ಸಂಜೆ ಅಜ್ಜ ನಮ್ಮನ್ನೂ ದಂಡೆಗೆ ಕರೆದೊಯ್ದರು. ಅವರು ಮೂರು ಮುಳ್ಳಿನ ಕೊಕ್ಕೆಗಳನ್ನು ತೆಗೆದು ಒಂಟಿ ಮುಳ್ಳಿನದ್ದು ಹಾಕಿದ್ದರು. ಅದರ ಹಿಮ್ಮುಳ್ಳನ್ನೂ ಇಕ್ಕುಳದಿಂದ ಒತ್ತಿ ಮಟ್ಟ ಮಾಡಿದ್ದರು. ಕತ್ತಲಾದ ಮೇಲೆ ಒಂದು ಮೀನು ಸಿಕ್ಕಿತು. ನನ್ನ ಸೊಂಟದೆತ್ತರ ಇದ್ದೀತು. ಅವರು ಅದನ್ನು ನೀರಿನಿಂದ ಎತ್ತಲೇ ಇಲ್ಲ. ಮೊಣಕಾಲುದ್ದದ ಅಲೆಯಲ್ಲಿ ಬಗ್ಗಿ, ಕೊಕ್ಕೆ ಬಿಡಿಸಿ, ಬಾಲದ ಬುಡ ಹಿಡಿದು ನಿಂತರು. ಅದು ತಾನಾಗಿ ಬಾಲ ಕೊಡವಿ ಕೈ ಬಿಡಿಸಿಕೊಳ್ಳುವವರೆಗೆ ನಿಂತೇ ಇದ್ದರು. ಯಾರೂ ಮಾತಾಡಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಮೀನಿನ ಹೆಂಗಸು ಬಾಗಿಲಲ್ಲಿ ಬುಟ್ಟಿ ಇಳಿಸಿ, "ಅಮ್ಮಾ, ತತ್ತಿ ತುಂಬಿದ್ದು ಇತ್ತ್, ನಿಮ್ಗೇ ಅಂದೇಳಿ ಇಟ್ಟಿದ್ದೆ" ಎಂದಳು. ನನ್ನ ಅಮ್ಮ ಕೇಳಿ ಕೇಳಿ ತರಿಸುತ್ತಿದ್ದದ್ದು ತತ್ತಿಯ ಮೀನನ್ನೇ. ಅದರ ರುಚಿ ಇಂದಿಗೂ ನಾಲಿಗೆಯ ಮೇಲಿದೆ. ನಮ್ಮಲ್ಲೂ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನು ಮರಿ ಮಾಡಲಿ ಎಂದೇ ಆ ನಿಯಮ. ಇದನ್ನು ಚಿಕ್ಕಂದಿನಿಂದ ಕೇಳಿದ್ದೆ, ಆದರೆ ಬುಟ್ಟಿಯ ಎದುರು ನಿಂತಾಗ ಒಮ್ಮೆಯೂ ನೆನಪಾಗಿರಲಿಲ್ಲ. ಅಂದು ನೆನಪಾಯಿತು. "ಬೇರೆ ಎಂತ ಇತ್ತ್?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ಬುಟ್ಟಿಯ ಅಡಿಯಿಂದ ನಾಲ್ಕು ಬಂಗುಡೆ ತೆಗೆದಳು.