ಹೊಳೆ ದಾಟಿದ ತವರು

ಅಣ್ಣನ ಮಗಳು ನಾರ್ವೆಗೆ ಹೋಗಿ ಬಂದು ಫೋಟೋ ತೋರಿಸಿದಳು. ಎರಡೂ ಕಡೆ ಮುಗಿಲು ಮುಟ್ಟುವ ಬಂಡೆ, ನಡುವೆ ಕಡುನೀಲಿ ನೀರು, ದಡದಲ್ಲಿ ಕೆಂಪು ಮರದ ಮನೆಗಳು. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಇಂಥ ಕೊಲ್ಲಿಗೆ ಫಿಯೋರ್ಡ್ ಎನ್ನುತ್ತಾರೆ. "ಅತ್ತೆ, ನೀವೂ ಒಮ್ಮೆ ಆ ಹಡಗಿನಲ್ಲಿ ಹೋಗಬೇಕು" ಎಂದಳು. ನನಗೆ ನೆನಪಾದದ್ದು ಹಂಪಸಾಗರದ ಹರಿಗೋಲು.

ಆ ಹಡಗಿನ ಹಾದಿಯೂ ಚೆಲುವು ನೋಡಲೆಂದು ಹುಟ್ಟಿದ್ದಲ್ಲ. 1893ರಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ಟ್ರಾಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ಹಡಗು ಓಡಿಸತೊಡಗಿದ್ದು ಅಂಚೆ, ಸರಕು ಸಾಗಿಸಲು. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಅಲ್ಲಿಗೆ ಕಾಗದ ಮುಟ್ಟಲು ಐದು ತಿಂಗಳೂ ಹಿಡಿಯುತ್ತಿತ್ತಂತೆ. ಮಗಳ ಕ್ಷೇಮ ತಿಳಿಯಲು ಅಷ್ಟು ಕಾದ ತಾಯಂದಿರು ಅಲ್ಲೂ ಇದ್ದಿರಬೇಕು.

ನಮ್ಮ ಹರಿಗೋಲು ಇನ್ನೂ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಂಡು ಬೆರಗಾದ. ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಗುಂಡು ದೋಣಿ, ಹದಿನೈದು ಇಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಸಾಗುವಾಗ ಗಿರಗಿರ ತಿರುಗುತ್ತದೆ ಎಂದೆಲ್ಲ ಬರೆದಿಟ್ಟ. ಅದರಲ್ಲಿ ಕೂತು ಅತ್ತೆಮನೆಗೆ ಬಂದ ಹೆಣ್ಣುಮಕ್ಕಳ ಎದೆಬಡಿತವನ್ನು ಅವನು ಬರೆಯಲಿಲ್ಲ ಬಿಡಿ.

ನಮ್ಮ ಅಜ್ಜಿ ಹಾಗೆ ಬಂದವಳು. ಆಗ ಈಚೆ ದಡ ಮದರಾಸು ಸರ್ಕಾರದ್ದು, ಆಚೆಯ ಕೊಪ್ಪಳ ಸೀಮೆ ನಿಜಾಮರದು. ಆಡುವ ಮಾತು ಒಂದೇ, ಉಣ್ಣುವ ರೊಟ್ಟಿ ಒಂದೇ, ಆಳುವವರು ಮಾತ್ರ ಬೇರೆ. "ನಡುವೆ ಕುಂದ್ರವ್ವ, ಅಲುಗಾಡಬ್ಯಾಡ" ಎಂದು ಅಂಬಿಗ ಗದರಿದ್ದನ್ನು ಅಜ್ಜಿ ಮುಪ್ಪಿನಲ್ಲೂ ಹೇಳಿ ನಗುತ್ತಿದ್ದಳು. ಮಡಿಲಕ್ಕಿ ನೆನೆಯಬಾರದೆಂದು ದಾರಿಯುದ್ದಕ್ಕೂ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳಂತೆ.

1945ರಲ್ಲಿ ಎರಡೂ ಸರ್ಕಾರ ಸೇರಿ ಹೊಸಪೇಟೆ ಬಳಿ ತುಂಗಭದ್ರೆಗೆ ಅಣೆಕಟ್ಟು ಹಾಕತೊಡಗಿದವು. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ಸೀಮೆ ಮೈಸೂರಿಗೆ ಸೇರಿತು. 1956ರಲ್ಲಿ ಆಚೆ ದಡವೂ ಬಂತು. ಹೊಳೆಯ ಎರಡೂ ಮಗ್ಗುಲು ಒಂದೇ ರಾಜ್ಯವಾಯಿತು. ಆದರೆ ಅಷ್ಟರಲ್ಲಿ ಹೊಳೆಯೇ ಸಮುದ್ರವಾಗಿತ್ತು! ಸುಮಾರು 90 ಹಳ್ಳಿಗಳು ಮುಳುಗಿ, 50,000ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅಜ್ಜಿಯ ತವರೂ ಅದರಲ್ಲಿ ಒಂದು. ಅವಳ ಅಣ್ಣಂದಿರು ಬಾಗಿಲು, ತೊಲೆ, ಜಂತಿ ಕಿತ್ತು ಬಂಡಿಗೆ ಹೇರಿಕೊಂಡು ಹೋದರು. ಬೀಸುವ ಕಲ್ಲು ಭಾರವೆಂದು ಬಿಟ್ಟರು. ಅವಳು ಕೊನೆತನಕ ಕೊರಗಿದ್ದು ಆ ಕಲ್ಲಿಗೆ. ನಾಲೆಯ ನೀರಿನಿಂದ ರಾಯಚೂರು, ಸಿರುಗುಪ್ಪ ಕಡೆ ಭತ್ತ ಬೆಳೆದು ಎಷ್ಟೋ ಮನೆ ಉದ್ಧಾರವಾದವು, ಅದನ್ನು ಅಲ್ಲಗಳೆಯಲಾರೆ. ಆದರೆ ಅಜ್ಜಿಯ ಮುಂದೆ ಆ ಮಾತು ಆಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈಗಲೂ ಮಳೆಗಾಲ ಕಳೆದ ಮೇಲೆ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡುತ್ತದೆ. ತಾಲ್ಲೂಕಿನ ಅಂಕಸಮುದ್ರ ಕೆರೆಯ ಹಕ್ಕಿಗಳ ನೆಲೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯ ಗೌರವವೂ ಸಿಕ್ಕಿತು. ಜಲಾಶಯದಲ್ಲಿ ಮಾತ್ರ ಹೂಳು ತುಂಬಿದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಅಜ್ಜಿಯ ಅಂಗಳದ ಮೇಲೂ ಎಷ್ಟು ಮೊಳ ಮಣ್ಣು ಬಿದ್ದಿದೆಯೋ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗಿ ಫೋನು ಬದಿಗಿಟ್ಟಳು. "ನೀರು ತುಂಬಿದಾಗ ಬರಲೇ ಅತ್ತೆ? ಫೋಟೋ ಚೆನ್ನಾಗಿ ಬರುತ್ತದೆ."

"ಬೇಡ, ಬೇಸಿಗೆಯಲ್ಲಿ ಬಾ" ಎಂದೆ. "ನೀರು ಇಳಿದಿರುತ್ತದೆ."