‘ಬೋರ್ಡು’ ಶಬ್ದದ ಅರ್ಥವಿಚಾರ

ಕುಂದಾಪುರದಿಂದ ಹೊಸಂಗಡಿಯ ಘಟ್ಟದ ಕಡೆಗೆ ಹೋಗುವ ಮಾರ್ಗದಲ್ಲಿ ಸಿದ್ದಾಪುರವೆಂಬ ಪೇಟೆಯಿದೆ. ಅಲ್ಲಿ ಬಸ್ಸಿಗೆ ಕಾದು ನಿಂತವನು ‘ಬೋರ್ಡು’ ನೋಡಿ ಹತ್ತುತ್ತಾನೆ. ಅಂಗಡಿಯವನು ಬಾಗಿಲ ಮೇಲೆ ಬೋರ್ಡು ತೂಗಿಸುತ್ತಾನೆ. ಉಪಾಧ್ಯಾಯರು ಬೋರ್ಡಿನ ಮೇಲೆ ಬರೆಯುತ್ತಾರೆ. ಪಂಚಾಯತಿಯ ಪ್ರಕಟನೆಯನ್ನು ಬೋರ್ಡಿಗೆ ಹಚ್ಚುತ್ತಾರೆ. ಇವೆಲ್ಲವುಗಳಲ್ಲಿಯೂ ಬೋರ್ಡೆಂದರೆ ಹಲಗೆಯೇ. ಆದರೆ ಆ ಸೀಮೆಯ ವೃದ್ಧರು ‘ಬೋರ್ಡು ಶಾಲೆ’ ಎಂದಾಗ ಹಲಗೆಯುಳ್ಳ ಶಾಲೆಯೆಂದು ಅರ್ಥವಲ್ಲ. ಅಧಿಕಾರವುಳ್ಳ ಒಂದು ಸಭೆಯು ನಡೆಯಿಸುತ್ತಿದ್ದ ಶಾಲೆಯೆಂದು ಅರ್ಥ. ಇನ್ನು ಹೋಟೆಲಿನ ಮುಂದೆ ‘ಬೋರ್ಡಿಂಗು’ ಎಂದು ಬರೆದಿದ್ದರೆ ಅದು ಊಟದ ಮಾತು. ಹಲಗೆ, ಸಭೆ, ಊಟ ಎಂಬ ಈ ಮೂರು ಅರ್ಥಗಳು ಒಂದೇ ಶಬ್ದದಲ್ಲಿ ಹೇಗೆ ಕೂಡಿದುವು? ಈ ವಿಚಾರವು ಕೇವಲ ಕುತೂಹಲದ್ದಲ್ಲ. ಹಳೆಯ ಕಾಗದಪತ್ರಗಳಲ್ಲಿ ‘ಬೋರ್ಡಿನ ಹುಕುಂ’ ಎಂದಿರುವಲ್ಲಿ ಯಾವ ಬೋರ್ಡೆಂಬುದನ್ನು ನಿಶ್ಚಯಿಸದಿದ್ದರೆ ಕಾಲವೂ ಕರ್ತೃವೂ ಎರಡೂ ತಪ್ಪುತ್ತವೆ.

ಇಂಗ್ಲಿಷಿನಲ್ಲಿ ಈ ಶಬ್ದವು ಬಹಳ ಹಳೆಯದು. ಅದರ ಮೊದಲ ಅರ್ಥ ಸೀಳಿದ ಮರದ ಹಲಗೆ. ಹಲಗೆಯಿಂದ ಮಾಡಿದ ಊಟದ ಮೇಜಿಗೂ ಅದೇ ಹೆಸರಾಯಿತು. ಮೇಜಿನಿಂದ ಅರ್ಥವು ಎರಡು ಕವಲಾಗಿ ಒಡೆಯಿತು. ಮೇಜಿನ ಮೇಲೆ ಬಡಿಸುವ ಅನ್ನವು ಒಂದು. ‘ಬೋರ್ಡಿಂಗು’ ಎಂಬುದು ಇದರಿಂದ ಬಂದುದು. ಮೇಜಿನ ಸುತ್ತ ಕುಳಿತು ಆಲೋಚಿಸುವ ಜನರು ಇನ್ನೊಂದು. ಹದಿನಾರನೆಯ ಶತಮಾನದಿಂದೀಚೆಗೆ ಈ ಅರ್ಥವು ಬಲಿತು, ಅಧಿಕಾರಮಂಡಲಿಗೆ ಆ ಹೆಸರು ಸ್ಥಿರವಾಯಿತು. ಹಡಗಿನ ಪಾರ್ಶ್ವವೆಂಬ ಮತ್ತೊಂದು ಅರ್ಥವೂ ಆ ಶಬ್ದಕ್ಕುಂಟು. ಇಂದು ವಿಮಾನವೇರುವವರು ಹಿಡಿಯುವ ‘ಬೋರ್ಡಿಂಗ್ ಪಾಸು’ ಇದರ ಸಂತತಿ. ಹೀಗೆ ಉಣ್ಣುವ ಬೋರ್ಡಿಂಗೂ ಏರುವ ಬೋರ್ಡಿಂಗೂ ಕನ್ನಡದಲ್ಲಿ ಒಂದೇ ರೂಪದಲ್ಲಿ ಕೇಳಿಬಂದರೂ ಅವುಗಳ ದಾರಿ ಬೇರೆ ಬೇರೆ.

ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಇದು ಲಕ್ಷಣೆಯ ವ್ಯಾಪಾರ. ಮಂಚಗಳು ಕೂಗುತ್ತಿವೆ ಎಂದರೆ ಮಂಚದ ಮೇಲಿರುವವರು ಕೂಗುತ್ತಿದ್ದಾರೆಂದು ತಿಳಿಯಬೇಕೆಂಬುದು ಪಾಠಶಾಲೆಗಳಲ್ಲಿ ಪ್ರಸಿದ್ಧವಾದ ಉದಾಹರಣೆ. ಬೋರ್ಡು ಆಜ್ಞೆ ಮಾಡಿತು ಎಂಬ ವಾಕ್ಯವೂ ಅಂತಹುದೇ. ಮರವು ಆಜ್ಞೆ ಮಾಡಲಾರದಾದುದರಿಂದ ಮುಖ್ಯಾರ್ಥಕ್ಕೆ ಬಾಧೆ. ಮರದ ಬಳಿ ಕುಳಿತವರಿಗೂ ಮರಕ್ಕೂ ಇರುವುದು ಸಂಬಂಧ. ಬಹುಕಾಲದ ಬಳಕೆಯು ರೂಢಿ. ಮೂರು ಕಾರಣಗಳೂ ಇಲ್ಲಿ ಸೇರಿವೆ.

ಕನ್ನಡಕ್ಕೂ ಈ ದಾರಿ ಹೊಸದಲ್ಲ. ಕುಳಿತುಕೊಳ್ಳುವ ಪೀಠವು ಮಠಾಧಿಪತ್ಯಕ್ಕೂ, ಇತ್ತೀಚೆಗೆ ನ್ಯಾಯಾಧೀಶರ ಸಮೂಹಕ್ಕೂ ಹೆಸರಾಗಿದೆ. ಗದ್ದುಗೆಯೆಂದರೆ ಆಳಿಕೆ. ಅರಳಿಯ ಬುಡದ ಕಟ್ಟೆಯೆಂದರೆ ಅಲ್ಲಿ ಸೇರುವ ನ್ಯಾಯಪಂಚಾಯಿತಿ. ಊಟದ ವಿಷಯದಲ್ಲಿ ಇಂಗ್ಲಿಷರು ಮೇಜನ್ನು ಹಿಡಿದರೆ ನಮ್ಮವರು ಎಲೆಯನ್ನು ಹಿಡಿದರು. ಎಷ್ಟು ಎಲೆ ಬಿದ್ದುವು ಎಂದು ಕೇಳಿದರೆ ಉಂಡವರ ಲೆಕ್ಕವನ್ನು ಕೇಳಿದಂತೆ. ಹಾಗಾದರೆ ಹಲಗೆಯೆಂಬ ದೇಶೀಯ ಶಬ್ದಕ್ಕೆ ಸಭೆಯ ಅರ್ಥವೇಕೆ ಬರಲಿಲ್ಲ? ಹಳಗನ್ನಡದ ‘ಪಲಗೆ’, ತಮಿಳಿನ ‘ಪಲಗೈ’, ಮಲೆಯಾಳದ ‘ಪಲಕ’, ಸಂಸ್ಕೃತದ ‘ಫಲಕ’ ಇವು ಪರಸ್ಪರ ಸಂಬಂಧವುಳ್ಳವು. ಅಮರಸಿಂಹನ ಕೋಶದಲ್ಲಿ ಫಲಕವು ಗುರಾಣಿಯ ಹೆಸರುಗಳಲ್ಲಿ ಒಂದು. ಕನ್ನಡದ ಹಲಗೆಗೂ ಗುರಾಣಿಯೆಂಬ ಅರ್ಥವಿತ್ತು, ವಾದ್ಯವೆಂಬ ಅರ್ಥವು ಈಗಲೂ ಉಂಟು. ನಮ್ಮ ಹಲಗೆಯು ಯುದ್ಧಕ್ಕೂ ಕುಣಿತಕ್ಕೂ ಹೋಯಿತೇ ಹೊರತು ಮೇಜಾಗಲಿಲ್ಲ. ನೆಲದಲ್ಲಿ ಕುಳಿತು ಉಣ್ಣುವ, ಕಟ್ಟೆಯಲ್ಲಿ ಕುಳಿತು ನ್ಯಾಯ ಹೇಳುವ ನಾಡಿನಲ್ಲಿ ಮೇಜಿನ ಸುತ್ತ ಸಭೆ ಸೇರುವ ಪ್ರಸಂಗವೇ ಇರಲಿಲ್ಲ.

ಇನ್ನು ಈ ಸೀಮೆಯಲ್ಲಿ ಬೋರ್ಡೆಂಬ ಹೆಸರು ಯಾವ ಯಾವ ಸಂಸ್ಥೆಗೆ ಸಂದಿತೆಂಬುದನ್ನು ಕಾಲಕ್ರಮದಿಂದ ನೋಡಬೇಕು.

ಮೊದಲನೆಯದು ಮದರಾಸಿನ ರೆವಿನ್ಯೂ ಬೋರ್ಡು. ಅದು ೧೭೮೬ರಲ್ಲಿ ಸ್ಥಾಪಿತವಾಯಿತು. ೧೭೯೯ರಲ್ಲಿ ಕನ್ನಡ ಜಿಲ್ಲೆಯು ಕಂಪೆನಿಯ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಭೂಮಿ, ಒಡೆತನ, ತೆರಿಗೆಗಳ ವಿಷಯವಾಗಿ ೧೮೦೦ರಲ್ಲಿ ವರದಿ ಬರೆದುದು ಈ ಬೋರ್ಡಿಗೆ. ಎರಡನೆಯದು ೧೮೭೧ರ ಕಾಯಿದೆಯಿಂದ ಹುಟ್ಟಿದ ಲೋಕಲ್ ಫಂಡ್ ಬೋರ್ಡು. ಮೂರನೆಯದು ೧೮೮೪ರ ಮದರಾಸು ಲೋಕಲ್ ಬೋರ್ಡುಗಳ ಕಾಯಿದೆಯ ಡಿಸ್ಟ್ರಿಕ್ಟ್ ಬೋರ್ಡು ಮತ್ತು ತಾಲ್ಲೂಕು ಬೋರ್ಡು. ಮಾರ್ಗ, ಶಾಲೆ, ಆಸ್ಪತ್ರೆಗಳು ಇವುಗಳ ಹೊಣೆ. ಕುಂದಾಪುರದ ಬೋರ್ಡ್ ಹೈಸ್ಕೂಲೆಂಬ ಹೆಸರಿನಲ್ಲಿದ್ದುದು ಈ ಬೋರ್ಡು. ತಾಲ್ಲೂಕು ಬೋರ್ಡುಗಳು ೧೯೩೪ರಲ್ಲಿ ರದ್ದಾದುವು. ನಾಲ್ಕನೆಯದು ದೇವಸ್ಥಾನ ಮಠಗಳ ಮೇಲ್ವಿಚಾರಣೆಯ ಎಂಡೋಮೆಂಟ್ ಬೋರ್ಡು. ೧೯೨೭ರ ಕಾಯಿದೆಯಂತೆ ನಡೆದ ಈ ಬೋರ್ಡು ೧೯೫೧ರ ಹೊಸ ಕಾಯಿದೆಯಿಂದ ಅಳಿದು ಅದರ ಸ್ಥಾನಕ್ಕೆ ಕಮಿಷನರರು ಬಂದರು. ಉಡುಪಿಯ ಶಿರೂರು ಮಠದ ಪ್ರಸಿದ್ಧವಾದ ವ್ಯಾಜ್ಯವು ಮೊದಲಾದುದು ಬೋರ್ಡಿನ ಕ್ರಮದಿಂದ. ೧೯೫೪ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೊರಟಾಗ ಎದುರು ಪಕ್ಷದಲ್ಲಿದ್ದವರು ಕಮಿಷನರರು. ಆದುದರಿಂದ ಮದರಾಸಿನ ಆಡಳಿತಕ್ಕೊಳಪಟ್ಟ ದೇವಸ್ಥಾನದ ಕಾಗದದಲ್ಲಿ ಬೋರ್ಡಿನ ಅಪ್ಪಣೆಯೆಂದಿದ್ದರೆ, ಅದು ರೆವಿನ್ಯೂ ಬೋರ್ಡೋ ಎಂಡೋಮೆಂಟ್ ಬೋರ್ಡೋ ಎಂದು ಮೊದಲು ಶೋಧಿಸಿ ಅನಂತರ ಕಾಲವನ್ನು ಹೇಳಬೇಕು.

ಇಲ್ಲಿ ವಿಶೇಷವಾಗಿ ಎರಡು ಭ್ರಾಂತಿಗಳಿಗೆ ಅವಕಾಶವುಂಟು. ಕುಂದಾಪುರವು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ೧೯೫೯ರ ಮೈಸೂರು ಕಾಯಿದೆಯಿಂದ ತಾಲ್ಲೂಕು ಬೋರ್ಡೆಂಬ ಹೆಸರು ಮರಳಿ ಬಂದಿತು. ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ರಚಿತವಾಗುವವರೆಗಿನ ಕಾಲಕ್ಕೆ ಅದು ಸಂಬಂಧಿಸಿದುದು. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಸಂಸ್ಥೆಗಳು, ನಡುವೆ ಇಪ್ಪತ್ತೈದು ವರ್ಷಗಳ ಅಂತರ! ತೇದಿಯಿಲ್ಲದ ರಶೀದಿಯಲ್ಲಿ ತಾಲ್ಲೂಕು ಬೋರ್ಡೆಂದಿದ್ದ ಮಾತ್ರಕ್ಕೆ ಅದನ್ನು ಮದರಾಸಿನ ಕಾಲದ್ದೆನ್ನುವುದು ಸಾಹಸ. ನಾಣ್ಯ, ಮುದ್ರೆ, ಸ್ಟಾಂಪುಗಳ ಸಾಕ್ಷ್ಯವೂ ಬೇಕು. ಎರಡನೆಯ ಭ್ರಾಂತಿ ಊರಿನದು. ಉತ್ತರ ಕನ್ನಡದಲ್ಲಿಯೂ ಒಂದು ಸಿದ್ದಾಪುರವುಂಟು. ಅದು ತಾಲ್ಲೂಕಿನ ಮುಖ್ಯ ಸ್ಥಳ. ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಹೋಯಿತು, ಕುಂದಾಪುರ ತಾಲ್ಲೂಕು ಮದರಾಸಿನಲ್ಲಿ ಉಳಿಯಿತು. ಮುಂಬಯಿಯ ಕಾಯಿದೆಯಲ್ಲಿ ಸಂಸ್ಥೆಗಳ ಹೆಸರು ಜಿಲ್ಲಾ ಲೋಕಲ್ ಬೋರ್ಡು, ತಾಲ್ಲೂಕು ಲೋಕಲ್ ಬೋರ್ಡು ಎಂದು. ಸಿದ್ದಾಪುರ ತಾಲ್ಲೂಕು ಲೋಕಲ್ ಬೋರ್ಡೆಂಬ ಒಕ್ಕಣೆ ಕಂಡರೆ ಅದು ಘಟ್ಟದ ಮೇಲಣ ಸಿದ್ದಾಪುರದ್ದೇ ಹೊರತು ಕುಂದಾಪುರ ಸೀಮೆಯದಲ್ಲ.

ಅನ್ಯಭಾಷೆಯ ಸಭಾನಾಮವನ್ನು ಹಾಗೆಯೇ ಸ್ವೀಕರಿಸಿದುದು ಕನ್ನಡದ ಬಡತನವೆಂದು ಆಕ್ಷೇಪಿಸುವವರುಂಟು. ಇದಕ್ಕೆ ಸಮಾಧಾನವು ಆ ಸೀಮೆಯ ಶಾಸನಗಳಲ್ಲಿಯೇ ದೊರೆಯುತ್ತದೆ. ಬಸರೂರು, ಬಾರಕೂರುಗಳ ವಿಜಯನಗರ ಕಾಲದ ಶಾಸನಗಳಲ್ಲಿ ಕೇರಿಕೇರಿಯ ‘ಹಲರು’ ಕಾಣಬರುತ್ತಾರೆ. ಹಲವರು ಕೂಡಿದ ಸಭೆಗೆ ಹಲರೆಂದೇ ಹೆಸರು. ಇದಕ್ಕಿಂತ ಅಚ್ಚಗನ್ನಡವಾದ ಸಭಾನಾಮವು ದುರ್ಲಭ. ಅದೇ ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ವೆಂಬುದೂ ಉಂಟು. ಅದು ಪಾರಸಿಯ ‘ಅಂಜುಮನ್’ ಎಂಬುದರ ರೂಪವೆಂದೂ ಕಡಲಾಚೆಯಿಂದ ಬಂದ ವರ್ತಕರ ಸಂಘವೆಂದೂ ವಿದ್ವಾಂಸರು ತಿಳಿಯುತ್ತಾರೆ. ಹಲರೆಂಬ ಮಾತಿದ್ದರೂ ಹಂಜಮಾನವನ್ನು ಹಲರೆಂದು ಕರೆಯಲಿಲ್ಲ; ಏಕೆಂದರೆ ಅದು ಬೇರೆಯ ಸಭೆ. ಇದರ ವಿಪರ್ಯಯಕ್ಕೂ ನಿದರ್ಶನವಿದೆ. ೧೮೩೦-೩೧ರಲ್ಲಿ ಕಂದಾಯದ ಭಾರವನ್ನು ತಾಳಲಾರದೆ ಕನ್ನಡ ಜಿಲ್ಲೆಯ ರೈತರು ಅಲ್ಲಲ್ಲಿ ಕೂಟಗಳಾಗಿ ಸೇರಿ ತೆರಿಗೆ ಕೊಡಲು ಒಪ್ಪದಿದ್ದಾಗ, ಇಂಗ್ಲಿಷ್ ಅಧಿಕಾರಿಗಳು ತಮ್ಮ ಬರಹಗಳಲ್ಲಿ ‘ಕೂಟ’ವೆಂಬ ನಮ್ಮ ಶಬ್ದವನ್ನೇ ಇಟ್ಟರು. ರೈತರಿಗೆ ಬೋರ್ಡು ಹೇಗೋ ಅಧಿಕಾರಿಗಳಿಗೆ ಕೂಟವು ಹಾಗೆ ಪರಕೀಯವಾಗಿತ್ತು. ಸಭೆಯು ಹೊರಗಿನದಾದರೆ ಅದರ ಹೆಸರೂ ಹೊರಗಿನದಾಗಿಯೇ ನಿಲ್ಲುತ್ತದೆಂಬುದು ಇದರಿಂದ ಸಿದ್ಧಿಸುವ ನ್ಯಾಯ.

ಈಗ ಬೋರ್ಡಿಗೆ ‘ಮಂಡಲಿ’ಯೆಂಬ ಅನುವಾದವು ಸರಕಾರದ ಬರಹದಲ್ಲಿ ಸ್ಥಿರವಾಗಿದೆ. ಮರದ ನೆನಪು ಹೋಗಿ ಸುತ್ತ ಕುಳಿತವರ ವರ್ತುಲವು ಮಾತ್ರ ಉಳಿದುದರಿಂದ ಅನುವಾದವು ಯುಕ್ತವೇ. ಆದರೂ ಜನರ ಬಾಯಲ್ಲಿ ಹಳೆಯ ಹೆಸರು ಸುಲಭವಾಗಿ ಅಳಿಯದು. ೧೯೫೭ರಲ್ಲಿ ಹುಟ್ಟಿದ ವಿದ್ಯುತ್ ಮಂಡಲಿಯು ೧೯೯೯ರಲ್ಲಿ ನಿಗಮವಾಗಿ, ೨೦೦೨ರಲ್ಲಿ ಕರಾವಳಿಗೆ ಮೆಸ್ಕಾಂ ಬಂದಿದ್ದರೂ ದೀಪವಾರಿದಾಗ ಕೆ.ಇ.ಬಿ.ಯವರನ್ನು ಕರೆಯುವವರು ಇನ್ನೂ ಇದ್ದಾರೆ. ಆ ಮೂರಕ್ಷರಗಳಲ್ಲಿ ಕಡೆಯದು ಬೋರ್ಡು. ಶಾಲೆಗಳು ಸರಕಾರದವಾದರೂ ವೃದ್ಧರಿಗೆ ಅವು ಬೋರ್ಡು ಶಾಲೆಗಳೇ. ಸಂಸ್ಥೆಯು ಅಳಿದ ಮೇಲೆಯೂ ಶಬ್ದವು ಅದರ ಮುದ್ರೆಯನ್ನು ಹೊತ್ತು ನಡೆಯುತ್ತದೆ. ಸಿದ್ದಾಪುರದಂತಹ ಪೇಟೆಯ ವೃದ್ಧರಿಂದ ಇಂತಹ ಮಾತುಗಳನ್ನು ಅವರಿರುವಾಗಲೇ ಸಂಗ್ರಹಿಸಿ, ಯಾವ ಬೋರ್ಡೆಂದು ಕೇಳಿ ಬರೆದಿಟ್ಟುಕೊಂಡರೆ, ಮನೆಮನೆಯ ಪೆಟ್ಟಿಗೆಗಳಲ್ಲಿರುವ ತೇದಿಯಿಲ್ಲದ ಎಷ್ಟೋ ಕಾಗದಗಳಿಗೆ ಕಾಲನಿರ್ಣಯವು ಲಭಿಸುವುದು.